ಹತಾರ, ಆಯುಧ, ಕೋವಿ: ಕರ್ನಾಟಕದ ಗ್ರಾಮೀಣ ಬದುಕಿನಲ್ಲಿ ಬಂದೂಕಿನ ಒಡೆತನದ ಅರ್ಥಗಳು

1. ಪ್ರವೇಶ

ಕರ್ನಾಟಕದ ಗ್ರಾಮೀಣ ಬದುಕನ್ನು ಕುರಿತ ನಮ್ಮ ಅಧ್ಯಯನಗಳಲ್ಲಿ ನೇಗಿಲು, ಬೀಸುಕಲ್ಲು, ಕಂಬಳಿ, ಮಗ್ಗ ಮೊದಲಾದ ವಸ್ತುಗಳಿಗೆ ದೊರೆತಿರುವ ಗಮನ ಕೋವಿಗೆ ದೊರೆತಿಲ್ಲ. ಜಾನಪದ ವಸ್ತುಸಂಗ್ರಹದ ದೃಷ್ಟಿಯಿಂದ ಅದು ಯಂತ್ರ; ಯಂತ್ರವಾದ್ದರಿಂದ ‘ಜನಪದ’ವಲ್ಲ. ಇತಿಹಾಸದ ದೃಷ್ಟಿಯಿಂದ ಅದು ಸೈನ್ಯಕ್ಕೆ ಸೇರಿದ್ದು, ಆದ್ದರಿಂದ ಊರಿನದ್ದಲ್ಲ. ಸಾಹಿತ್ಯ ವಿಮರ್ಶೆಯಲ್ಲಂತೂ ಬೇಟೆಯ ಪ್ರಸಂಗಗಳು ಪ್ರಕೃತಿ ವರ್ಣನೆಯ ಒಂದು ಭಾಗವಾಗಿ ಓದಿಸಿಕೊಂಡಿವೆಯೇ ಹೊರತು, ಆ ಪ್ರಸಂಗದಲ್ಲಿ ಕೋವಿ ಯಾರ ಕೈಯಲ್ಲಿತ್ತು, ಏಕಿತ್ತು ಎಂಬ ಪ್ರಶ್ನೆಯಾಗಿ ಅಲ್ಲ. ಆದರೆ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಹಳ್ಳಿಗಳಲ್ಲಿ ಕೋವಿಯು ಗೋಡೆಯ ಗೂಟಕ್ಕೆ ತೂಗಿಬಿದ್ದ ಮನೆಯ ವಸ್ತುವಾಗಿ ಅನೇಕ ತಲೆಮಾರುಗಳನ್ನು ಕಂಡಿದೆ. ಬಯಲುಸೀಮೆಯಲ್ಲಿ ಅದರ ಗೈರುಹಾಜರಿಗೂ ಒಂದು ಚರಿತ್ರೆಯಿದೆ.

ಗ್ರಾಮೀಣರು ಕೋವಿಯ ಒಡೆತನವನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂಬುದನ್ನು ಭಾಷೆ, ಲಾವಣಿ, ಆಚರಣೆ, ಆಧುನಿಕ ಸಾಹಿತ್ಯ ಮತ್ತು ಕಾನೂನು ಎಂಬ ಐದು ಆಕರಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೋವಿಯ ಪರ ಅಥವಾ ವಿರೋಧ ವಾದಿಸುವುದು ಇಲ್ಲಿನ ಆಶಯವಲ್ಲ. ಒಂದೇ ವಸ್ತು ಒಬ್ಬನಿಗೆ ಮಾನ, ಇನ್ನೊಬ್ಬನಿಗೆ ಉಪಕರಣ, ಮತ್ತೊಬ್ಬನಿಗೆ ಭಯವಾಗುವುದು ಹೇಗೆ ಎಂಬುದನ್ನು ತಿಳಿಯದೆ, ಇಂದು ಕಾಡಂಚಿನ ಹಳ್ಳಿಗಳಲ್ಲಿ ಈ ಕುರಿತು ನಡೆಯುತ್ತಿರುವ ವಾಗ್ವಾದವನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

2. ಪದಗಳ ನೆಲೆ

ಕನ್ನಡದಲ್ಲಿ ಈ ವಸ್ತುವಿಗೆ ಮುಖ್ಯವಾಗಿ ಮೂರು ಹೆಸರುಗಳಿವೆ. ಅರಬ್ಬಿ ಮೂಲದಿಂದ ಪರ್ಷಿಯನ್ ಮುಖಾಂತರ ಬಂದ ‘ಬಂದೂಕು’ ಆಡಳಿತದ ಮಾತು. ಪೊಲೀಸ್ ದಾಖಲೆ, ಪತ್ರಿಕಾ ವರದಿ, ಪರವಾನಗಿ ಅರ್ಜಿಗಳಲ್ಲಿ ಇರುವುದು ಇದೇ. ತುರ್ಕಿ ಮೂಲದ ‘ತುಪಾಕಿ’ ತೆಲುಗು, ತಮಿಳುಗಳಲ್ಲಿಯೂ ರೂಪಾಂತರ ಹೊಂದಿ ನೆಲೆನಿಂತಿದೆ. ಮೂರನೆಯದಾದ ‘ಕೋವಿ’ಗೆ ಕೊಳವೆ ಎಂಬ ಅರ್ಥವೂ ಉಂಟು. ಹೊರಗಿನಿಂದ ಬಂದ ವಸ್ತುವನ್ನು ತನ್ನ ಆಕಾರದಿಂದ ಗುರುತಿಸಿ, ಮನೆಮಾತಿನ ಪದವೊಂದನ್ನು ಅದಕ್ಕೆ ಅಂಟಿಸಿದ ಕ್ರಮವಿದು. ಮಲೆನಾಡಿನ ರೈತನು ಠಾಣೆಯಲ್ಲಿ ‘ಬಂದೂಕು’ ಎಂದು ಬರೆಸಿ, ಮನೆಗೆ ಬಂದು ‘ಕೋವಿ’ಯನ್ನು ಗೂಟಕ್ಕೆ ತೂಗುಹಾಕುತ್ತಾನೆ. ಈ ಎರಡು ಪದಗಳ ನಡುವಿನ ಅಂತರವೇ ಒಂದರ್ಥದಲ್ಲಿ ಈ ಲೇಖನದ ವಿಷಯ. ಕೊಡವ ಭಾಷೆಯಲ್ಲಿ ಇದು ‘ತೋಕ್’. ಮಲಯಾಳದಲ್ಲಿಯೂ ಇದಕ್ಕೆ ಹತ್ತಿರದ ಪದವೇ ಬಳಕೆಯಲ್ಲಿದೆ.

ಕೋವಿಯ ಸುತ್ತ ಬೆಳೆದ ಶಬ್ದಸಂಪತ್ತೂ ಗಮನಾರ್ಹವಾದುದು. ನಳಿಗೆಯ ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಕೇಪಿನ ಕೋವಿ, ಸಿದ್ಧ ತೋಟಾ ಹಾಕುವ ತೋಟಾ ಕೋವಿ, ಒಂಟಿನಳಿಗೆ, ಜೋಡುನಳಿಗೆ ಎಂಬ ಭೇದಗಳು. ಗುಂಡು ಮತ್ತು ಚರೆಗಳ ವ್ಯತ್ಯಾಸ. ಮೃಗಗಳನ್ನು ಕೂಗಿ ಎಬ್ಬಿಸುವ ‘ಸೋವು’, ಅಡಗಿ ಕಾಯುವ ‘ಮರಸು’. ಇವುಗಳಲ್ಲಿ ಎರಡು ಪದಗಳು ವಿಶೇಷ ವಿವೇಚನೆಗೆ ಅರ್ಹವಾಗಿವೆ. ‘ಮದ್ದು’ ಎಂದರೆ ಔಷಧ, ವಿಷ, ಸಿಡಿಯುವ ಪುಡಿ, ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ದ್ರಾವಣವೂ ಹೌದು. ಕಾಯುವುದೂ ಕೊಲ್ಲುವುದೂ ಒಂದೇ ಪದದಲ್ಲಿ ಅಡಗಿವೆ. ‘ಈಡು’ ಎಂಬುದು ಕೋವಿಯಿಂದ ಹಾರಿದ ಒಂದು ಹೊಡೆತ. ಅದೇ ಪದಕ್ಕೆ ಅಡವು, ಸರಿಸಮ ಎಂಬ ಅರ್ಥಗಳೂ ಇವೆ. ಈಡು ಒಂದು ಲೆಕ್ಕದ ಘಟಕ. ಮದ್ದು, ಕೇಪು ದುಬಾರಿಯಾದ ಕಾಲದಲ್ಲಿ ಈಡನ್ನು ವ್ಯರ್ಥಮಾಡದಿರುವುದೇ ಬೇಟೆಗಾರನ ಯೋಗ್ಯತೆಯಾಗಿತ್ತು. ಕರಾವಳಿಯ ಬೇಟೆಯ ಅನುಭವಗಳನ್ನು ಕನ್ನಡದಲ್ಲಿ ದಾಖಲಿಸಿದ ಕೆದಂಬಾಡಿ ಜತ್ತಪ್ಪ ರೈಗಳ ಕೃತಿಯೊಂದರ ಹೆಸರು ‘ಈಡೊಂದು ಹುಲಿಯೆರಡು’ ಎಂಬುದು ಈ ಲೆಕ್ಕಾಚಾರವನ್ನೇ ಸೂಚಿಸುತ್ತದೆ.

ಇನ್ನು ಉತ್ತರ ಕರ್ನಾಟಕದ ‘ಹತಾರ’ ಎಂಬ ಪದ. ಬಡಿಗನ ಉಳಿ ಬಾಚಿಗಳೂ ಹತಾರಗಳೇ, ಯೋಧನ ಕತ್ತಿ ಬಂದೂಕುಗಳೂ ಹತಾರಗಳೇ. ಉಪಕರಣ ಮತ್ತು ಆಯುಧ ಎಂಬ ವಿಭಜನೆಯನ್ನು ಈ ಪದ ಒಪ್ಪುವುದಿಲ್ಲ. ನವರಾತ್ರಿಯ ಆಯುಧಪೂಜೆಯಲ್ಲಿ ಕತ್ತಿಯ ಪಕ್ಕದಲ್ಲಿ ಕುಡುಗೋಲು, ನೇಗಿಲ ಕುಳ, ತಕ್ಕಡಿ ಎಲ್ಲಕ್ಕೂ ಕುಂಕುಮ ಸಲ್ಲುವುದು ಇದೇ ಗ್ರಹಿಕೆಯ ಮುಂದುವರಿಕೆ. ದುಡಿಯುವ ಕೈಗೆ ಒದಗುವುದೆಲ್ಲ ಆಯುಧ ಎಂಬ ಈ ಲೋಕದೃಷ್ಟಿಗೂ ಆಧುನಿಕ ಪ್ರಭುತ್ವದ ದೃಷ್ಟಿಗೂ ನಡುವೆ ಮೊದಲ ದೊಡ್ಡ ಘರ್ಷಣೆ ನಡೆದದ್ದು 1857ರಲ್ಲಿ.

3. ಹಲಗಲಿ: ಕಳೆದುಕೊಂಡವರ ಪಠ್ಯ

ಉತ್ತರ ಭಾರತದ ದಂಗೆಯ ಹಿನ್ನೆಲೆಯಲ್ಲಿ 1857ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಜಾರಿಗೆ ತಂದಿತು. ಜನರು ತಮ್ಮಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದರೆ ಅನುಮತಿ ಪಡೆಯಬೇಕು ಎಂಬುದು ಅದರ ಸಾರ. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ, ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿಯ ಬೇಡರು ಇದನ್ನು ಪ್ರತಿಭಟಿಸಿದರು. ನವೆಂಬರ್ ತಿಂಗಳಲ್ಲಿ ಬ್ರಿಟಿಷ್ ಸೇನೆ ಊರನ್ನು ಮುತ್ತಿತು. ಅನೇಕರು ಹತರಾದರು, ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಇಂದು ಅದು ಪಠ್ಯಪುಸ್ತಕಗಳ ಮೂಲಕ ಕನ್ನಡದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತ.

ನಮ್ಮ ತರಗತಿಗಳಲ್ಲಿ ಈ ಲಾವಣಿಯನ್ನು ಸಾಮಾನ್ಯವಾಗಿ ಸ್ವಾತಂತ್ರ್ಯ ಸಂಗ್ರಾಮದ ಪೂರ್ವರಂಗವೆಂದು ಬೋಧಿಸಲಾಗುತ್ತದೆ. ಅದು ತಪ್ಪಲ್ಲವಾದರೂ, ಪಠ್ಯವು ನಿರೂಪಿಸುವ ಕಾರಣ ಇನ್ನೂ ನಿರ್ದಿಷ್ಟವಾದುದು. ದೂರದ ವಿಲಾಯತಿಯಿಂದ ಬಂದ ಒಂದು ಹುಕುಂ ಹಳ್ಳಿಯ ಮನೆಯೊಳಗಿನ ವಸ್ತುವಿಗೆ ಕೈಹಾಕುತ್ತದೆ. ಅದನ್ನು ಕೊಡುವುದೆಂದರೆ ಬದುಕಿದ್ದೂ ಇಲ್ಲವಾಗುವುದು ಎಂದು ಜಡಗ, ಬಾಲ, ಹನುಮ, ರಾಮ ಮೊದಲಾದವರು ತೀರ್ಮಾನಿಸುತ್ತಾರೆ. ಬೇಡರ ಪಾಲಿಗೆ ಆಯುಧವು ಬೇಟೆ, ಕಾವಲು, ಚಾಕರಿ ಎಂಬ ಮೂರು ಜೀವನೋಪಾಯಗಳಿಗೂ ಆಧಾರವಾಗಿದ್ದುದರಿಂದ, ಮಾನ ಮತ್ತು ಅನ್ನದ ಪ್ರಶ್ನೆಗಳು ಇಲ್ಲಿ ಬೇರೆ ಬೇರೆಯಾಗಿಲ್ಲ.

ಲಾವಣಿಯ ಕೊನೆಯ ಭಾಗ ಈ ದೃಷ್ಟಿಯಿಂದ ಮರುಓದಿಗೆ ಅರ್ಹವಾಗಿದೆ. ಊರನ್ನು ಲೂಟಿಮಾಡಿದ ದಂಡು ಏನೇನನ್ನು ಒಯ್ದಿತು ಎಂಬ ದೀರ್ಘ ಪಟ್ಟಿ ಅಲ್ಲಿದೆ. ಆ ಪಟ್ಟಿಯಲ್ಲಿ ಕೊಡಲಿ, ಕುಳಗಳಂಥ ಬೇಸಾಯದ ಕಬ್ಬಿಣವಿದೆ, ಹಾಲು, ಮೊಸರು, ಬೆಣ್ಣೆಯಂಥ ಹೈನದ ಪದಾರ್ಥಗಳಿವೆ, ಅಡುಗೆಮನೆಯ ಸಂಬಾರವಿದೆ, ಬೀಸುಕಲ್ಲೂ ಮಂಗಳಸೂತ್ರವೂ ಇವೆ. ಹತಾರ ಕೊಡಿ ಎಂದು ಆರಂಭವಾದ ಆಜ್ಞೆ ಬೀಸುಕಲ್ಲನ್ನು ಹೊತ್ತೊಯ್ಯುವುದರಲ್ಲಿ ಮುಗಿಯುತ್ತದೆ. ಆಯುಧ, ಉಪಕರಣ, ಸಂಸಾರ ಇವು ಒಂದೇ ಸರಪಳಿಯ ಕೊಂಡಿಗಳೆಂದೂ ಮೊದಲನೆಯದು ಕಳಚಿದರೆ ಕೊನೆಯದೂ ಉಳಿಯದೆಂದೂ ಹೇಳಲು ಲಾವಣಿಕಾರನಿಗೆ ಯಾವ ಸಿದ್ಧಾಂತದ ಅಗತ್ಯವೂ ಬೀಳಲಿಲ್ಲ. ಒಂದು ಪಟ್ಟಿ ಸಾಕಾಯಿತು.

4. ಕೊಡಗು: ಉಳಿಸಿಕೊಂಡವರ ಆಚರಣೆ

ಹಲಗಲಿಯನ್ನು ಸುಟ್ಟ ಪ್ರಭುತ್ವವೇ ನಾಲ್ಕು ವರ್ಷಗಳ ಬಳಿಕ ಕೊಡಗಿನಲ್ಲಿ ವಿರುದ್ಧವಾದ ನಿಲುವನ್ನು ತಳೆಯಿತು. 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಂದಿಗೆ ಕೊಡಗು ಕಂಪನಿಯ ವಶವಾಗಿತ್ತು. 1837ರ ಅಮರಸುಳ್ಯದ ದಂಗೆಯ ಕಾಲದಲ್ಲಿ ಕೊಡವ ಪ್ರಮುಖರಲ್ಲಿ ಹಲವರು ಬ್ರಿಟಿಷರ ಪರ ನಿಂತರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ನೀಡಿದನು. ಇದೇ ವಿನಾಯಿತಿ 1878ರ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆಯ ಕಾಲದಲ್ಲಿಯೂ, ಸ್ವತಂತ್ರ ಭಾರತದ 1959ರ ಕಾಯ್ದೆಯ ಕಾಲದಲ್ಲಿಯೂ ಮುಂದುವರಿಯಿತು. ಕೊಡವ ಕುಲದವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು ಎಂಬ ಎರಡು ವರ್ಗಗಳಿಗೆ ಇದು ಅನ್ವಯಿಸುತ್ತದೆ. ಕೇಂದ್ರ ಗೃಹ ಸಚಿವಾಲಯದ 2019ರ ಅಕ್ಟೋಬರ್ ಅಧಿಸೂಚನೆ ಇದನ್ನು 2029ರ ಅಕ್ಟೋಬರ್ ಅಂತ್ಯದವರೆಗೆ ವಿಸ್ತರಿಸಿದೆ.

ಇಲ್ಲಿ ಗಮನಿಸಬೇಕಾದುದು ಕೋವಿ ಮತ್ತು ನೆಲದ ಸಂಬಂಧ. ಜಮ್ಮಾ ಎಂಬುದು ಕಡಿಮೆ ಕಂದಾಯದ ವಂಶಪಾರಂಪರ್ಯ ಹಿಡುವಳಿ. ಅದಕ್ಕೆ ಪ್ರತಿಯಾಗಿ ಅರಸನಿಗೆ ಅಗತ್ಯ ಬಿದ್ದಾಗ ಆಯುಧಸಹಿತ ಸೇವೆ ಸಲ್ಲಬೇಕಿತ್ತು. ಗದ್ದೆಯೂ ಕೋವಿಯೂ ಒಂದೇ ಒಪ್ಪಂದದ ಎರಡು ಮುಖಗಳಾಗಿದ್ದವು. ಅರಸೊತ್ತಿಗೆ ಹೋಯಿತು, ಸೇವೆಯ ಕರಾರೂ ಹೋಯಿತು; ಆದರೆ ಆ ಒಪ್ಪಂದದ ನೆನಪು ಆಚರಣೆಯಾಗಿ ಉಳಿಯಿತು.

ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಗೊಳಿಸಿ, ದೇವರ ದೀಪದ ಎದುರು ಇಟ್ಟು, ಮಳೆಗಾಲದಲ್ಲಿ ಅರಳುವ ‘ತೋಕ್ ಪೂ’ವಿನಿಂದ ಸಿಂಗರಿಸುತ್ತಾರೆ. ಹೂವಿನ ಹೆಸರಿನಲ್ಲೇ ತೋಕ್ ಇದೆ ಎಂಬುದು, ಹೊರಗಿನಿಂದ ಬಂದ ಆಯುಧವೊಂದು ಸ್ಥಳೀಯ ಪ್ರಕೃತಿಯ ನಾಮಕರಣದೊಳಗೂ ಸೇರಿಕೊಂಡಿರುವುದಕ್ಕೆ ಸಾಕ್ಷಿ. ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಪುತ್ತರಿಯಲ್ಲಿ ಹೊಸ ತೆನೆಯನ್ನು ಕೊಯ್ಯುವ ಮುಹೂರ್ತಕ್ಕೆ ಗುಂಡು ಹಾರಿಸುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಒಂದರ ಹಿಂದೊಂದು ಎರಡು ಈಡು. ಮನೆಗಳು ಗುಡ್ಡದಿಂದ ಗುಡ್ಡಕ್ಕೆ ಚದುರಿರುವ ನಾಡಿನಲ್ಲಿ ಕೋವಿಯ ಸದ್ದೇ ಸುದ್ದಿಯಾಗಿತ್ತು. ಹುಲಿಯನ್ನು ಕೊಂದವನಿಗೆ ‘ನರಿ ಮಂಗಲ’ ಎಂಬ ಮದುವೆಯ ಸ್ವರೂಪದ ಗೌರವ ಸಲ್ಲುತ್ತಿತ್ತು. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಮತ್ತು ಎಂ.ಎನ್. ಶ್ರೀನಿವಾಸರ ಕೊಡವರನ್ನು ಕುರಿತ ಅಧ್ಯಯನ (1952) ಈ ಆಚರಣಾಲೋಕವನ್ನು ತಿಳಿಯಲು ಇಂದಿಗೂ ಮುಖ್ಯ ಆಕರಗಳು.

ಹುಟ್ಟು, ಸುಗ್ಗಿ, ಸಾವು ಎಂಬ ಮೂರು ಸಂಧಿಗಳಲ್ಲೂ ಸದ್ದು ಮಾಡುವ ಈ ಕೋವಿ ಯಾರನ್ನೂ ಗುರಿಯಾಗಿಸುವುದಿಲ್ಲ. ಅದರ ನಳಿಗೆ ಆಕಾಶದ ಕಡೆಗಿರುತ್ತದೆ. ಆಯುಧವು ತನ್ನ ಕಾರ್ಯದಿಂದ ಬಿಡುಗಡೆ ಹೊಂದಿ ಸಂಕೇತವಾಗುವ ಪ್ರಕ್ರಿಯೆ ಇದು. ಆದರೆ ಸಂಕೇತವೂ ಅಧಿಕಾರದಿಂದ ಮುಕ್ತವಾದುದಲ್ಲ. ವಿನಾಯಿತಿಯ ಆಧಾರ ಕುಲ ಮತ್ತು ಹಿಡುವಳಿಯಾದ್ದರಿಂದ, ಅದೇ ಊರಿನ ಅದೇ ಕಾಡಂಚಿನಲ್ಲಿ ಬದುಕುವ ಇತರರು ಪರವಾನಗಿಗೆ ಅರ್ಜಿ ಹಾಕಬೇಕಾಗುತ್ತದೆ. ಸಮಾನತೆಯ ತತ್ವಕ್ಕೆ ಇದು ವಿರುದ್ಧವೆಂಬ ವಾದ ಕರ್ನಾಟಕ ಉಚ್ಚ ನ್ಯಾಯಾಲಯದವರೆಗೂ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು; ಸ್ವಾತಂತ್ರ್ಯಪೂರ್ವದಿಂದ ಬಂದ ಪದ್ಧತಿ ಎಂಬುದನ್ನೂ ವಿನಾಯಿತಿ ನಿಗದಿತ ಅವಧಿಗೆ ಸೀಮಿತವಾಗಿದೆ ಎಂಬುದನ್ನೂ ಅದು ಪರಿಗಣಿಸಿತು. ಹಲಗಲಿ ಮತ್ತು ಕೊಡಗನ್ನು ಎದುರುಬದುರು ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎರಡೂ ಕಡೆ ಜನರು ಆಯುಧದ ಬಗ್ಗೆ ತಳೆದಿದ್ದ ಭಾವನೆಯಲ್ಲಿ ಅಂಥ ಅಂತರವಿರಲಿಲ್ಲ. ಒಂದು ಕಡೆ ಅದು ದಂಗೆಯೆನಿಸಿಕೊಂಡು ಇನ್ನೊಂದು ಕಡೆ ಪರಂಪರೆಯೆನಿಸಿಕೊಂಡದ್ದು ಪ್ರಭುತ್ವದ ವಿಶ್ವಾಸ ಯಾರ ಮೇಲಿತ್ತು ಎಂಬುದರಿಂದ.

5. ಮಲೆನಾಡಿನ ಸಾಹಿತ್ಯದಲ್ಲಿ ಕೋವಿ

ಕೊಡಗಿನ ಆಚೆಗಿನ ಮಲೆನಾಡಿನಲ್ಲಿ ಕೋವಿಗೆ ಇಂಥ ಸಾಮುದಾಯಿಕ ಹಬ್ಬವಿಲ್ಲ. ಅಲ್ಲಿ ಅದರ ಅರ್ಥವನ್ನು ಹುಡುಕಬೇಕಾದುದು ಸಾಹಿತ್ಯದಲ್ಲಿ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933), ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967) ಕೃತಿಗಳಲ್ಲಿ ಬೇಟೆಯು ಪ್ರತ್ಯೇಕ ಸಾಹಸವಾಗಿ ಬರುವುದಿಲ್ಲ. ಉಳುಮೆ, ಕೊಯ್ಲು, ಹಬ್ಬ, ಜಗಳಗಳಂತೆ ದಿನಚರಿಯ ಭಾಗವಾಗಿ ಬರುತ್ತದೆ. ಹಂದಿಬೇಟೆಯೆಂಬುದು ಇಡೀ ಊರಿನ ಉದ್ಯಮ. ಸೋವುವವರು, ನಾಯಿಗಳು, ಕಂಡಿಯಲ್ಲಿ ಕೋವಿ ಹಿಡಿದು ಕೂತವರು ಎಂಬ ಶ್ರಮವಿಭಜನೆ ಅದರಲ್ಲಿದೆ. ಮಾಂಸದ ಹಂಚಿಕೆಯಲ್ಲಿ ಹೊಡೆದವನಿಗೆ, ಕೋವಿಗೆ, ನಾಯಿಗೆ ಎಂದು ಪಾಲುಗಳಿವೆ. ಕೋವಿಗೂ ಒಂದು ಪಾಲೆಂದರೆ ಅದರ ಒಡೆಯನಿಗೆ, ಅವನು ಕಾಡಿಗೆ ಬಾರದಿದ್ದರೂ ಸಲ್ಲುವ ಬಾಡಿಗೆ. ಭೂಮಾಲಿಕನಿಗೆ ಗೇಣಿ ಸಲ್ಲುವ ಕ್ರಮಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಬಿಡಿಸಿ ಹೇಳಬೇಕಿಲ್ಲ. ತೋಟಾ ಕೋವಿ ಗೌಡರ ಮನೆಯದು; ಹಳೆಯ ಕೇಪಿನ ಕೋವಿ ಒಕ್ಕಲಿನದು; ಆಳಿನ ಕೈಯಲ್ಲಿ ದೊಣ್ಣೆ ಮತ್ತು ಕತ್ತಿ. ಯಾವ ಕೋವಿ ಎಂಬುದರಿಂದಲೇ ಯಾವ ಮನೆ ಎಂದು ತಿಳಿಯುವ ಸಮಾಜವದು.

ಹಂದಿಯೊಡನೆ ರೈತನ ಹಗೆತನ ಕೋವಿಗಿಂತ ಎಷ್ಟೋ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949ರ ಸುಮಾರಿನ ಶಾಸನವು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ಸ್ಮರಣೆಗೆ ನಿಲ್ಲಿಸಿದ ಕಲ್ಲು. ಬೇಟೆಯಲ್ಲಿ ನಾಯಿಗೂ ಪಾಲು ಕೊಡುವ ಮಲೆನಾಡಿನ ಪದ್ಧತಿಯನ್ನು ಈ ದೀರ್ಘ ನೆನಪಿನ ಬೆಳಕಿನಲ್ಲಿಯೂ ನೋಡಬಹುದು. ಕೋವಿ ಬಂದದ್ದು ಈಗಾಗಲೇ ಇದ್ದ ಬೇಟೆಯ ವ್ಯವಸ್ಥೆಯೊಳಕ್ಕೆ. ಅದು ಈಟಿಯ ಜಾಗವನ್ನು ಆಕ್ರಮಿಸಿತು. ಆದರೆ ಊರು ಕೂಡಿ ಬೇಟೆಯಾಡುವ, ಹಂಚಿಕೊಳ್ಳುವ ಕ್ರಮವನ್ನು ಒಮ್ಮೆಗೇ ಮುರಿಯಲಿಲ್ಲ.

ಪೂರ್ಣಚಂದ್ರ ತೇಜಸ್ವಿಯವರ ಬರಹಗಳಲ್ಲಿ ಈ ಜಗತ್ತು ಬದಲಾಗಿದೆ. ‘ಕರ್ವಾಲೊ’ (1980), ‘ಪರಿಸರದ ಕತೆ’ (1991) ಮೊದಲಾದ ಕೃತಿಗಳ ಹೊತ್ತಿಗೆ ಬೇಟೆ ಕಾನೂನುಬಾಹಿರವಾಗುತ್ತಿದೆ, ಕಾಡು ಕರಗುತ್ತಿದೆ, ಬೇಟೆಗಾರನ ಜ್ಞಾನ ಉಳಿದಿದೆ. ಕೋವಿ ಹೆಗಲಿಗೇರಿಸಿ ಕಾಡಿಗೆ ಹೋದವನು ಹಿಂದಿರುಗುವಾಗ ಮಾಂಸಕ್ಕಿಂತ ಹೆಚ್ಚಾಗಿ ಅರಿವನ್ನು ಹೊತ್ತುತರುತ್ತಾನೆ. ಗುರಿಯಿಡುವ ಕಣ್ಣೇ ಕ್ರಮೇಣ ಗಮನಿಸುವ ಕಣ್ಣಾಗುತ್ತದೆ. ತೇಜಸ್ವಿಯವರು ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ಟರ ಬೇಟೆಯ ಕಥನಗಳನ್ನು ಕನ್ನಡಕ್ಕೆ ತಂದದ್ದೂ ಇದೇ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಅಲ್ಲಿ ಕೋವಿಯನ್ನು ಎತ್ತುವುದಕ್ಕೆ ಮೊದಲು ಹೆಜ್ಜೆಗುರುತು, ಹಕ್ಕಿಯ ಕೂಗು, ಗಾಳಿಯ ದಿಕ್ಕುಗಳನ್ನು ಓದುವ ದೀರ್ಘ ತಾಳ್ಮೆಯಿದೆ. ಕುವೆಂಪು ಅವರಲ್ಲಿ ಸಮುದಾಯದ ಅಂತಸ್ತನ್ನು ಸೂಚಿಸುವ ಕೋವಿ, ತೇಜಸ್ವಿಯವರಲ್ಲಿ ಮನುಷ್ಯ ಮತ್ತು ಕಾಡಿನ ಸಂಬಂಧವನ್ನು ಪರೀಕ್ಷಿಸುವ ಸಾಧನವಾಗಿದೆ. ಎರಡು ತಲೆಮಾರುಗಳ ನಡುವೆ ಸಂಭವಿಸಿದ ಈ ಸ್ಥಿತ್ಯಂತರಕ್ಕೆ ಸಾಹಿತ್ಯದ ಆಚೆಗಿನ ಕಾರಣವೆಂದರೆ ಕಾನೂನು.

6. ಬೆಳೆರಕ್ಷಣೆಯ ಕೋವಿ: ಎರಡು ಕಾಯ್ದೆಗಳ ನಡುವೆ

1959ರ ಶಸ್ತ್ರಾಸ್ತ್ರ ಕಾಯ್ದೆಯು ‘ಆಯುಧ’ದ ವ್ಯಾಖ್ಯೆಯಿಂದ ಕೇವಲ ಗೃಹಬಳಕೆ ಅಥವಾ ಬೇಸಾಯಕ್ಕೆಂದು ರೂಪಿಸಿದ ವಸ್ತುಗಳನ್ನು ಹೊರಗಿಡುತ್ತದೆ. ಲಾಠಿ, ಸಾಧಾರಣ ಊರುಗೋಲುಗಳನ್ನು ಅದು ಉದಾಹರಣೆಯಾಗಿ ಹೆಸರಿಸುತ್ತದೆ. ‘ಹತಾರ’ ಎಂಬ ಒಂದೇ ಪದದಲ್ಲಿ ಜನಭಾಷೆ ಹಿಡಿದಿಟ್ಟಿದ್ದುದನ್ನು ಕಾನೂನು ಹೀಗೆ ಎರಡಾಗಿ ಸೀಳುತ್ತದೆ. ಆದರೆ ಅದೇ ಕಾಯ್ದೆಯ 13ನೆಯ ಪ್ರಕರಣ, ನಿಜವಾದ ಬೆಳೆರಕ್ಷಣೆಗಾಗಿ ಬಾಯಿಮದ್ದಿನ ಕೋವಿಗೆ ಪರವಾನಗಿ ನೀಡುವ ಅವಕಾಶವನ್ನು ಕಲ್ಪಿಸುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನಯನಳಿಗೆಯ ಕೋವಿಗೂ ಪರವಾನಗಿ ದೊರೆಯಬಹುದು. ಅಂದರೆ ಬೇಸಾಯದ ಉಪಕರಣವಾಗಿರುವ ಆಯುಧವೊಂದು ಇದೆ ಎಂಬುದನ್ನು ಕಾನೂನು ತನ್ನದೇ ವಿಭಜನೆಗೆ ವಿರುದ್ಧವಾಗಿ ಒಪ್ಪಿಕೊಳ್ಳುತ್ತದೆ. ಮಲೆನಾಡು, ಕರಾವಳಿಯ ರೈತರ ಕೋವಿಗಳಲ್ಲಿ ಬಹಳಷ್ಟು ಈ ಬಾಗಿಲಿನಿಂದಲೇ ಮನೆಯೊಳಗೆ ಬಂದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಚಿತ್ರವನ್ನು ಬದಲಿಸಿತು. ಬೇಟೆಯನ್ನು ಅದು ಕಟ್ಟುನಿಟ್ಟಾಗಿ ನಿರ್ಬಂಧಿಸಿತು. ಉಳಿದಿದ್ದ ಬೇಟೆ ಪರವಾನಗಿಯ ಅವಕಾಶಗಳನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಅಭಯಾರಣ್ಯದ ಒಳಗೆ ಅಥವಾ ಅದರ 10 ಕಿಲೋಮೀಟರ್ ಸುತ್ತಳತೆಯಲ್ಲಿ ವಾಸಿಸುವ, ಆಯುಧ ಹೊಂದಿರುವ ಎಲ್ಲರೂ, ವಿನಾಯಿತಿ ಪಡೆದವರೂ ಸೇರಿದಂತೆ, ತಮ್ಮ ಹೆಸರನ್ನು ನೋಂದಾಯಿಸಬೇಕೆಂದು ಈ ಕಾಯ್ದೆಯ 34ನೆಯ ಪ್ರಕರಣ ವಿಧಿಸುತ್ತದೆ. ಬೆಳೆದು ನಿಂತ ಪೈರಿಗೆ ಅಪಾಯ ತಂದಿರುವ ಕೆಲವು ವರ್ಗದ ಪ್ರಾಣಿಗಳನ್ನು ಕೊಲ್ಲಲು ಅಧಿಕಾರಿಯು ಲಿಖಿತ ಅನುಮತಿ ನೀಡಬಹುದಾದರೂ, ಅದು ಸಂದರ್ಭಕ್ಕೆ ಸೀಮಿತವಾದುದು.

ಇದರ ಪರಿಣಾಮವಾಗಿ ಒಂದು ವಿಚಿತ್ರ ಸ್ಥಿತಿ ನಿರ್ಮಾಣವಾಯಿತು. ಬೆಳೆರಕ್ಷಣೆಗೆಂದು ಕೋವಿ ಇಟ್ಟುಕೊಳ್ಳಲು ಒಂದು ಕಾಯ್ದೆ ಅನುಮತಿ ಕೊಡುತ್ತದೆ. ಆ ಕೋವಿಯಿಂದ ಬೆಳೆ ತಿನ್ನುವ ಹಂದಿಗೆ ಗುರಿಯಿಡುವುದನ್ನು ಇನ್ನೊಂದು ಕಾಯ್ದೆ ಅಪರಾಧವೆನ್ನುತ್ತದೆ. ರೈತನಿಗೆ ಉಳಿದದ್ದು ಸದ್ದು ಮಾತ್ರ. ತೋಟದ ಅಂಚಿನಲ್ಲಿ ನಿಂತು ಮಂಗಗಳ ಹಿಂಡನ್ನೋ ಹಂದಿಯನ್ನೋ ಹೆದರಿಸಲು ಆಕಾಶಕ್ಕೆ ಒಂದು ಈಡು. ಕೊಡಗಿನಲ್ಲಿ ಆಚರಣೆಯ ಕಾರಣಕ್ಕೆ ಆಕಾಶದ ಕಡೆ ತಿರುಗಿದ ನಳಿಗೆ, ಇಲ್ಲಿ ಕಾನೂನಿನ ಕಾರಣಕ್ಕೆ ಅದೇ ಕಡೆ ತಿರುಗಿದೆ. ಪ್ರಾಣಿಗಳಾದರೋ ಬರಿಯ ಸದ್ದಿಗೆ ಬಹುಬೇಗ ಒಗ್ಗಿಕೊಳ್ಳುತ್ತವೆ.

ಇತ್ತೀಚಿನ ಬದಲಾವಣೆಗಳೂ ಗಮನಾರ್ಹ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಕೋವಿಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಚುನಾವಣೆಗಳ ಸಂದರ್ಭದಲ್ಲಿ ಪರವಾನಗಿ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗಿ ಬರುವುದು ರೈತರ ಹಳೆಯ ದೂರು. ಸಾರ್ವಜನಿಕ ಶಾಂತಿಯ ದೃಷ್ಟಿಯಿಂದ ಈ ಕ್ರಮಕ್ಕೆ ಸಮರ್ಥನೆಯಿದೆ. ಆದರೆ ರೈತನು ಅದನ್ನು ಕೇಳಿಸಿಕೊಳ್ಳುವ ರೀತಿ ಬೇರೆ: ಪೈರು ಕಾಯುವ ಕಾಲದಲ್ಲಿ ಕಾವಲಿನ ಸಾಧನವನ್ನು ಒಪ್ಪಿಸುವುದರ ಜೊತೆಗೆ, ತಾನು ಅನುಮಾನಕ್ಕೆ ಒಳಗಾದವನು ಎಂಬ ಭಾವವೂ ಅವನನ್ನು ಕಾಡುತ್ತದೆ. ಠಾಣೆಯ ಮೆಟ್ಟಿಲಲ್ಲಿ ಕೋವಿ ಒಪ್ಪಿಸಿ ರಸೀದಿ ಪಡೆಯುವ ಈ ಮುಜುಗರದಲ್ಲಿ ಹಲಗಲಿಯ ಲಾವಣಿಯ ಒಂದು ಎಳೆ ಇನ್ನೂ ಉಳಿದಿದೆ.

7. ಕೋವಿ ಇಲ್ಲದವರು

ಇಷ್ಟರವರೆಗಿನ ವಿವೇಚನೆ ಕೋವಿ ಇದ್ದವರದು, ಇಲ್ಲವೇ ಇದ್ದು ಕಳೆದುಕೊಂಡವರದು. ಎಂದೂ ಇಲ್ಲದವರ ದೃಷ್ಟಿಯನ್ನು ಸೇರಿಸದಿದ್ದರೆ ಅದು ಅಪೂರ್ಣವಾಗುತ್ತದೆ. ಜೇನುಕುರುಬ, ಎರವ, ಸೋಲಿಗ ಮೊದಲಾದ ಸಮುದಾಯಗಳ ಕಾಡಿನ ಅರಿವು ಯಾವ ಬೇಟೆಗಾರನ ಅರಿವಿಗಿಂತಲೂ ಕಡಿಮೆಯದಲ್ಲ. ಆದರೆ ಪರವಾನಗಿಗೆ ಬೇಕಾದುದು ಜಮೀನಿನ ದಾಖಲೆ, ನಡತೆಯ ಪ್ರಮಾಣ, ಕಚೇರಿಯ ಅಲೆದಾಟ. ಜಮೀನಿಲ್ಲದವನಿಗೆ ರಕ್ಷಿಸಲು ‘ಬೆಳೆ’ಯೂ ಇಲ್ಲವೆಂದು ಕಾನೂನು ಭಾವಿಸುತ್ತದೆ. ಹೀಗಾಗಿ ಕಾಫಿ ತೋಟದ ಕಾರ್ಮಿಕನು ಬೆಳಗಿನ ಮಂಜಿನಲ್ಲಿ ಆನೆಯನ್ನು ಎದುರುಗೊಳ್ಳುವಾಗ ಅವನ ಕೈಯಲ್ಲಿರುವುದು ಕತ್ತಿ; ಕೋವಿ ಇರುವುದು ಬಂಗಲೆಯ ಗೋಡೆಯ ಮೇಲೆ. ಅಪಾಯ ಮತ್ತು ಆಯುಧ ಎರಡೂ ಅಸಮಾನವಾಗಿ ಹಂಚಿಕೆಯಾಗಿವೆ. ಮತ್ತು ಒಂದಕ್ಕೊಂದು ವಿಲೋಮವಾಗಿ. ಕೋವಿಯ ಅಭಾವದಲ್ಲಿ ಬಳಕೆಗೆ ಬರುವ ಉರುಳು, ಸಿಡಿಮದ್ದು, ವಿದ್ಯುತ್ ತಂತಿಗಳು ಯಾವ ಪ್ರಾಣಿ, ಯಾವ ಮನುಷ್ಯ ಎಂದು ನೋಡುವುದಿಲ್ಲ. ಪರವಾನಗಿಯಿಲ್ಲದ ನಾಡಬಂದೂಕು ಕದ್ದುಮುಚ್ಚಿ ಬಳಕೆಯಾಗುವುದರಿಂದ, ಅದು ಹಿಡಿದವನಿಗೇ ಅಪಾಯಕಾರಿ.

ಹೆಣ್ಣಿನ ನೆಲೆಯಿಂದ ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಹುಟ್ಟಿನ ಈಡು ಸಂಪ್ರದಾಯದಲ್ಲಿ ಗಂಡುಮಗುವಿಗೆ ಮೀಸಲಾಗಿತ್ತು. ಬೇಟೆಯಿಂದ ಬಂದ ಮಾಂಸವನ್ನು ಬೇಯಿಸುವ ಕೈಗೆ ಬೇಟೆಯ ಕಥೆಯಲ್ಲಿ ಪಾಲಿಲ್ಲ. ಕುಡಿತ, ಸಿಟ್ಟು, ಆಸ್ತಿಯ ಜಗಳಗಳಿರುವ ಮನೆಯಲ್ಲಿ ಗೋಡೆಯ ಮೇಲಿನ ಕೋವಿ ಯಾರಿಗೆ ರಕ್ಷಣೆ, ಯಾರಿಗೆ ಭೀತಿ ಎಂಬ ಪ್ರಶ್ನೆಯನ್ನು ನಮ್ಮ ಬೇಟೆ ಸಾಹಿತ್ಯ ಕೇಳಿದ್ದು ವಿರಳ. ಇಂದು ಕೊಡಗಿನ ಗುರಿ ಸ್ಪರ್ಧೆಗಳಲ್ಲಿ ಮಹಿಳೆಯರೂ ಭಾಗವಹಿಸುತ್ತಿದ್ದಾರೆ. ಸಂಕೇತದ ಮಟ್ಟದಲ್ಲಾದರೂ ಒಂದು ಬಾಗಿಲು ತೆರೆದಿದೆ. ಆದರೆ ಮನೆಯೊಳಗಿನ ಪ್ರಶ್ನೆ ಹಾಗೆಯೇ ಉಳಿದಿದೆ.

8. ಉಪಸಂಹಾರ

ಒಟ್ಟಾರೆಯಾಗಿ, ಕರ್ನಾಟಕದ ಗ್ರಾಮೀಣ ಸಮಾಜದಲ್ಲಿ ಕೋವಿಯ ಒಡೆತನಕ್ಕೆ ಕನಿಷ್ಠ ಮೂರು ಅರ್ಥಗಳು ಏಕಕಾಲಕ್ಕೆ ಚಾಲ್ತಿಯಲ್ಲಿವೆ. ಅದು ಕುಲದ ಮಾನದ ಗುರುತು, ಬೇಸಾಯದ ಹತಾರ, ಪ್ರಭುತ್ವದೊಡನೆ ಇರುವ ವಿಶ್ವಾಸದ ಅಳತೆಗೋಲು. ಮೊದಲನೆಯದನ್ನು ಆಚರಣೆ ಕಾಪಾಡಿದೆ, ಎರಡನೆಯದನ್ನು ಕಾಡಂಚಿನ ಬದುಕು ಬೇಡುತ್ತಿದೆ, ಮೂರನೆಯದನ್ನು ಕಾಯ್ದೆ ಕಾಲಕಾಲಕ್ಕೆ ನಿರ್ಧರಿಸುತ್ತದೆ. ಕಾಡಂಚಿನ ಇಂದಿನ ವಾಗ್ವಾದದಲ್ಲಿ ಒಬ್ಬರು ಪರಂಪರೆಯ ಮಾತನ್ನೂ, ಇನ್ನೊಬ್ಬರು ಬೆಳೆಯ ಮಾತನ್ನೂ, ಮತ್ತೊಬ್ಬರು ಸುರಕ್ಷತೆಯ ಮಾತನ್ನೂ ಆಡುತ್ತಾ ಪರಸ್ಪರ ಅರ್ಥವಾಗದೆ ಹೋಗುವುದಕ್ಕೆ, ಎಲ್ಲರೂ ಒಂದೇ ವಸ್ತುವನ್ನು ಕುರಿತು ಮಾತನಾಡುತ್ತಿದ್ದೇವೆಂದು ಭಾವಿಸಿರುವುದೇ ಕಾರಣ. ಬಂದೂಕಿನ ಬಗೆಗೆ ಮಾತನಾಡುವವರೂ ಕೋವಿಯ ಬಗೆಗೆ ಮಾತನಾಡುವವರೂ ಬೇರೆ ಬೇರೆ ಲೋಕಗಳಿಂದ ಬಂದವರು.

ಕನ್ನಡ ಅಧ್ಯಯನದ ಮಟ್ಟಿಗೆ ಇದರಿಂದ ಎರಡು ಕೆಲಸಗಳು ಒದಗುತ್ತವೆ. ಕೇಪಿನ ಕೋವಿಯನ್ನು ದುರಸ್ತಿಮಾಡಬಲ್ಲ ಆಚಾರಿಗಳೂ, ಸೋವಿನ ಬೇಟೆಯನ್ನು ಕಂಡ ಹಿರಿಯರೂ ಕಡಿಮೆಯಾಗುತ್ತಿದ್ದಾರೆ. ಅವರೊಡನೆ ಮರೆಯಾಗುತ್ತಿರುವ ಶಬ್ದಸಂಪತ್ತನ್ನು ಪ್ರದೇಶವಾರು ಸಂಗ್ರಹಿಸುವುದು ಮೊದಲನೆಯದು. ಹಲಗಲಿಯ ಲಾವಣಿಯನ್ನು ವೀರಗಾಥೆಯಾಗಿ ಮಾತ್ರ ಬೋಧಿಸದೆ, ಒಡೆತನ ಮತ್ತು ಕಾನೂನಿನ ಪಠ್ಯವಾಗಿಯೂ ತರಗತಿಯಲ್ಲಿ ಚರ್ಚಿಸುವುದು ಎರಡನೆಯದು. ಅದರ ಕೊನೆಯ ಪಟ್ಟಿಯನ್ನು ವಿದ್ಯಾರ್ಥಿಗಳು ನಿಧಾನವಾಗಿ ಓದಿ, ಕೊಡಲಿಯಿಂದ ಬೀಸುಕಲ್ಲಿನವರೆಗಿನ ವಸ್ತುಗಳಲ್ಲಿ ಯಾವುದು ಆಯುಧ, ಯಾವುದು ಅಲ್ಲ ಎಂದು ವಿಂಗಡಿಸಲು ಯತ್ನಿಸಿದರೆ, ಈ ಲೇಖನ ಎತ್ತಿರುವ ಪ್ರಶ್ನೆ ಅವರಿಗೆ ತಾನಾಗಿಯೇ ಎದುರಾಗುತ್ತದೆ.